ಕ್ಯಾರವಾನ್ ಫ್ರಿಜ್ ನಂಬಿಕೊಂಡು ಉಲುರುವರೆಗೆ ಹೋಗಬಹುದಾ? ಹಾಲು, ಮೊಸರು, ಮಾವನ ಇನ್ಸುಲಿನ್ ಎಲ್ಲ ಇದೆ

ಗಾಲಿಮನೆ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಶಾಲೆ ರಜೆಗೆ ಮೆಲ್ಬರ್ನ್‌ನಿಂದ ಅಡಿಲೇಡ್, ಪೋರ್ಟ್ ಅಗಸ್ಟಾ, ಕೂಬರ್ ಪೀಡಿ ಮೇಲೆ ದೇಶದ ನಡುಮಧ್ಯದ ಮರುಭೂಮಿಯಲ್ಲಿರುವ ಉಲುರು ಬಂಡೆಯವರೆಗೆ ಕ್ಯಾರವಾನ್ (ಕಾರಿನ ಹಿಂದೆ ಕಟ್ಟುವ ಗಾಲಿ ಮನೆ) ಎಳೆದುಕೊಂಡು ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಮಗಳು, ಜೊತೆಗೆ ಶಿವಮೊಗ್ಗದಿಂದ ಬಂದಿರುವ ಅತ್ತೆ ಮಾವ. ಅತ್ತೆಗೆ ಹೊರಗಿನ ಊಟ ಆಗುವುದಿಲ್ಲ. ರೋಡ್‌ಹೌಸ್‌ಗಳಲ್ಲಿ (ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್ ಮತ್ತು ಹೋಟೆಲ್) ಸಸ್ಯಾಹಾರ ಅಂದರೆ ಆಲೂಗಡ್ಡೆ ಚಿಪ್ಸ್ ಬಿಟ್ಟು ಏನೂ ಸಿಗಲ್ಲ ಅಂತ ಎಲ್ಲರೂ ಹೆದರಿಸಿದ್ದಾರೆ. ಹಾಗಾಗಿ ಅಡುಗೆ ನಮ್ಮದೇ. ಮೊಸರಿಲ್ಲದೆ ಅವರಿಬ್ಬರಿಗೂ ಊಟ ಮುಗಿಯುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವ ವಿಷಯವೇ.

ಈಗ ತೊಂದರೆ ಏನಪ್ಪಾ ಅಂದರೆ ಫ್ರಿಜ್. ಕ್ಯಾರವಾನ್ ಸೆಕೆಂಡ್ ಹ್ಯಾಂಡ್, ಹಳೆಯದು. ಅದರಲ್ಲಿ 90 ಲೀಟರ್‌ನ ತ್ರೀ-ವೇ ಫ್ರಿಜ್ ಇದೆ, ಅಂದರೆ 240 ವೋಲ್ಟ್, 12 ವೋಲ್ಟ್, ಗ್ಯಾಸ್ ಮೂರರಲ್ಲೂ ಓಡುವಂಥದ್ದು. ಮನೆ ಮುಂದೆ ನಿಲ್ಲಿಸಿ ಕರೆಂಟ್ ಕೊಟ್ಟರೆ ಒಳಗೆ 4 ಡಿಗ್ರಿ ಬರುತ್ತದೆ, ಏನೂ ದೂರಿಲ್ಲ. ಆದರೆ ಒಂದು ವಾರಾಂತ್ಯ ಬೀಚ್ ಕಡೆ ಎಳೆದುಕೊಂಡು ಹೋದಾಗ, ಕಾರಿನ 12 ವೋಲ್ಟ್‌ನಲ್ಲಿ ಓಡುತ್ತಿದ್ದರೂ ಸಂಜೆ ಹೊತ್ತಿಗೆ ಥರ್ಮಾಮೀಟರ್ 14 ತೋರಿಸುತ್ತಿತ್ತು. ಹಾಲು ಹುಳಿ ವಾಸನೆ.

ರಿಪೇರಿ ಅಂಗಡಿಯವರು ಇದನ್ನು ಕಿತ್ತು ಬಿಸಾಕಿ, ಮನೆ ಫ್ರಿಜ್ ತರ ಮೋಟಾರ್ ಇರುವ ಕಂಪ್ರೆಸರ್ ಫ್ರಿಜ್ ಹಾಕಿಸಿ ಅನ್ನುತ್ತಾರೆ. ಫ್ರಿಜ್, ಲಿಥಿಯಂ ಬ್ಯಾಟರಿ, ಸೋಲಾರ್, ಕೂಲಿ ಎಲ್ಲ ಸೇರಿ ಹೇಳಿದ ರೇಟು ಕೇಳಿ ಮಾವ ಒಂದು ಲೋಟ ನೀರು ಕುಡಿದರು. ನಿಜವಾಗಿಯೂ ಬೇಕಾ? ಇರುವುದನ್ನೇ ಸರಿಮಾಡಿಕೊಂಡು ಹೋಗಬಹುದಾ? ಐಸ್ ಬಾಕ್ಸ್ ಸಾಕಾಗುತ್ತದಾ? ಮಾವನಿಗೆ ಇನ್ಸುಲಿನ್ ಬೇರೆ ಇದೆ, ಅದೇ ಜಾಸ್ತಿ ಚಿಂತೆ. ರಾತ್ರಿ ಎಲ್ಲ ಕಡೆ ಕ್ಯಾರವಾನ್ ಪಾರ್ಕ್‌ನಲ್ಲೇ ತಂಗುತ್ತೇವೆ, ಕಾಡಲ್ಲಿ ಮಲಗುವ ಸಾಹಸ ಈ ಸಲಕ್ಕಿಲ್ಲ.

ಹನ್ನೆರಡು ವೋಲ್ಟ್ (ಅಡಿಲೇಡ್)

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ ಸರ್. ದಿನಾ ರಾತ್ರಿ ಪವರ್ಡ್ ಸೈಟ್ (ಕರೆಂಟ್ ಇರುವ ಜಾಗ) ಸಿಗುತ್ತದೆ ಅಂದರೆ ರಾತ್ರಿಯಿಡೀ 240 ವೋಲ್ಟ್. ನೀವು ಕಾಯಬೇಕಾಗಿರುವುದು ಹಗಲು ಡ್ರೈವ್ ಮಾಡುವ ಆರೇಳು ಗಂಟೆ ಮಾತ್ರ. ಅದಕ್ಕೋಸ್ಕರ ಸಾವಿರಾರು ಡಾಲರ್ ಸುರಿಯಬೇಡಿ. ಅಂಗಡಿಯವರು ಅಂಗಡಿಯವರ ಲೆಕ್ಕ ಹೇಳುತ್ತಾರೆ, ಅಷ್ಟೆ.

ಮೊದಲು ಈ ಫ್ರಿಜ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ಅರ್ಧ ತಲೆನೋವು ಕಡಿಮೆ. ಇದರಲ್ಲಿ ಮೋಟಾರೇ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿ ಸೀಲ್ ಮಾಡಿದ ಕೊಳವೆಗಳಿವೆ. ಕೆಳಗಿಂದ ಶಾಖ ಕೊಟ್ಟರೆ ಅಮೋನಿಯಾ ನೀರಿನಿಂದ ಬೇರೆಯಾಗಿ ಮೇಲೆ ಹೋಗಿ, ತಣಿದು ದ್ರವವಾಗಿ, ಆಮೇಲೆ ಒಳಗಿನ ಭಾಗದಲ್ಲಿ ಆವಿಯಾಗುತ್ತಾ ತಂಪು ಮಾಡುತ್ತದೆ. 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಅನ್ನುವ ಇಬ್ಬರು ಹುಡುಗರು ಕಂಡುಹಿಡಿದದ್ದು, ಇವತ್ತಿಗೂ ಹೆಚ್ಚುಕಮ್ಮಿ ಅದೇ. ಶಾಖ ಗ್ಯಾಸ್‌ನಿಂದ ಬಂದರೂ ಸರಿ, ಕರೆಂಟಿನಿಂದ ಬಂದರೂ ಸರಿ, ಅದಕ್ಕೆ ಭೇದವಿಲ್ಲ. ಆದರೆ ಶಾಖ ಸಾಕಷ್ಟು ಬರಬೇಕು, ಹಿಂದುಗಡೆ ಸೇರಿದ ಬಿಸಿ ಹೊರಗೆ ಹೋಗಬೇಕು, ನಿಂತಾಗ ಫ್ರಿಜ್ ಸಮತಟ್ಟಾಗಿರಬೇಕು. ಒಳಗಿನ ದ್ರವ ಹರಿಯುವುದು ಬರೀ ಇಳಿಜಾರಿನ ಬಲದಿಂದ. ಹಾಗಾಗಿ ಓರೆಯಾಗಿ ನಿಲ್ಲಿಸಿದರೆ ಅದು ಸುಮ್ನೆ ಕೂತುಬಿಡುತ್ತದೆ. ಓಡುವಾಗ ಆಕಡೆ ಈಕಡೆ ಅಲ್ಲಾಡುತ್ತಿರುವುದರಿಂದ ತೊಂದರೆ ಇಲ್ಲ.

ನಿಮ್ಮದು 240ರಲ್ಲಿ 4 ಡಿಗ್ರಿಗೆ ಇಳಿಯುತ್ತದೆ. ಅಂದರೆ ಫ್ರಿಜ್ ಗಟ್ಟಿಮುಟ್ಟಾಗಿದೆ. ಕಳ್ಳ ಇರುವುದು ವೈರಿನಲ್ಲಿ. 12 ವೋಲ್ಟ್‌ನಲ್ಲಿ ಈ ಹೀಟರ್ 10ರಿಂದ 15 ಆಂಪ್ ಎಳೆಯುತ್ತದೆ. ಕಾರಿನ ಬ್ಯಾಟರಿಯಿಂದ ಫ್ರಿಜ್‌ವರೆಗೆ ಸುಮಾರು 10 ಮೀಟರ್, ವಾಪಸ್ ಬರುವ ವೈರ್ ಇನ್ನೊಂದು 10 ಮೀಟರ್, ಒಟ್ಟು 20. ಹಳೇ ಕ್ಯಾರವಾನ್‌ಗಳಲ್ಲಿ 4 ಮಿಲಿಮೀಟರ್ ಆಟೋ ಕೇಬಲ್ ಹಾಕಿರುತ್ತಾರೆ. ಆ 4 ಅನ್ನೋದು ಪ್ಲಾಸ್ಟಿಕ್ ಸೇರಿ ಹೊರಗಿನ ದಪ್ಪ. ಒಳಗಿನ ತಾಮ್ರ ಎರಡು ಚದರ ಮಿಲಿಮೀಟರ್ ಕೂಡ ಇರುವುದಿಲ್ಲ. ಅದರಲ್ಲಿ 12 ಆಂಪ್ ಹರಿದರೆ ದಾರಿಯಲ್ಲೇ ಎರಡು ವೋಲ್ಟ್‌ಗಿಂತ ಜಾಸ್ತಿ ಸೋರಿಹೋಗುತ್ತದೆ. ಹೀಟರಿನ ಶಾಖ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಬೀಳುವುದರಿಂದ, 13 ಬರಬೇಕಾದ ಕಡೆ 10.5 ಬಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಶಾಖ ಖೋತಾ. ನಿಮ್ಮ 14 ಡಿಗ್ರಿ ಬಂದಿದ್ದು ಅಲ್ಲಿಂದಲೇ ಇರಬೇಕು.

ಪರೀಕ್ಷೆ ಸುಲಭ. ಕಾರ್ ಸ್ಟಾರ್ಟ್ ಮಾಡಿ, ಫ್ರಿಜ್ 12 ವೋಲ್ಟ್‌ಗೆ ಹಾಕಿ, ಹೊರಗಿನ ಕೆಳಗಿನ ಜಾಲರಿ ತೆಗೆದು ಫ್ರಿಜ್ ಹಿಂದಿನ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಫ್ರಿಜ್ ಓಡುತ್ತಿರುವಾಗಲೇ ನೋಡಬೇಕು, ಆಫ್ ಇದ್ದಾಗ ನೋಡಿದರೆ ಎಂಥಾ ಕಚಡಾ ವೈರಲ್ಲೂ 13 ತೋರಿಸುತ್ತದೆ. 12ಕ್ಕಿಂತ ಕಡಿಮೆ ಬಂದರೆ ದಪ್ಪ ಕೇಬಲ್ ಹಾಕಿಸಿ. ಇಲ್ಲಿ ಅಂಗಡಿಯಲ್ಲಿ 6 ಬಿ ಆಂಡ್ ಎಸ್ ಅಂತ ಕೇಳಿ, ಅದರಲ್ಲಿ 13.5 ಚದರ ಮಿಲಿಮೀಟರ್ ತಾಮ್ರ ಇರುತ್ತದೆ, ನಷ್ಟ 0.3 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಕಾರಿಗೂ ಕ್ಯಾರವಾನ್‌ಗೂ ನಡುವೆ 50 ಆಂಪಿನ ಆಂಡರ್ಸನ್ ಪ್ಲಗ್ (ಜಾಸ್ತಿ ಕರೆಂಟ್ ತಡೆಯುವ ದಪ್ಪ ಪ್ಲಗ್), ಬ್ಯಾಟರಿ ಹತ್ತಿರ ಫ್ಯೂಸ್ ಮರೆಯಬೇಡಿ. ಹೊಸ ಕಾರುಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಇದ್ದರೆ ಬ್ಯಾಟರಿ ತುಂಬಿದ ಮೇಲೆ ಅದೇ ವೋಲ್ಟೇಜ್ ಇಳಿಸುತ್ತದೆ. ಹಾಗಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಮಾತು ಕೇಳಿ.

ಇನ್ನೊಂದು. ಫ್ರಿಜ್ ಹಿಂದಿನ ಗೂಡಿನಲ್ಲಿ ಎರಡು 12 ವೋಲ್ಟ್ ಫ್ಯಾನ್ ಕೂರಿಸಿ, ಕಂಪ್ಯೂಟರ್‌ಗೆ ಹಾಕುವಂಥ 120 ಮಿಲಿಮೀಟರ್‌ನವು. ಬಿಸಿ ಗಾಳಿ ಮೇಲಿನ ಜಾಲರಿಯಿಂದ ಹೊರಗೆ ಹೋಗಬೇಕು. ನಿಲ್ಲಿಸುವಾಗ ಫ್ರಿಜ್ ಇರುವ ಬದಿ ದಕ್ಷಿಣಕ್ಕೆ ಬರಲಿ. ಊರಿನಿಂದ ಬಂದವರಿಗೆ ಇದು ತಲೆಗೆ ಹೋಗುವುದು ನಿಧಾನ, ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ.

ಗಾಲಿಮನೆ (ಮೆಲ್ಬರ್ನ್)

ಸರ್, ಮಲ್ಟಿಮೀಟರ್ ಹಿಡಿದೆ. 10.7! ಕಾರ್ ಬ್ಯಾಟರಿ ಹತ್ತಿರ 13.6 ಇದೆ. ವೈರ್ ನೋಡಿದರೆ ಮನೆ ಸ್ಪೀಕರ್ ವೈರ್ ತರ ಇದೆ. ತುಂಬಾ ಥ್ಯಾಂಕ್ಸ್. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ನಿಲ್ಲಿಸಿದಾಗ 12 ವೋಲ್ಟ್‌ನಲ್ಲೇ ಬಿಡಬಹುದಾ?

ಹನ್ನೆರಡು ವೋಲ್ಟ್ (ಅಡಿಲೇಡ್)

ಬೇಡ. ಎಂಜಿನ್ ಆಫ್ ಆದಮೇಲೆ 12 ಆಂಪ್ ಎಳೆಯುತ್ತಾ ಕೂತರೆ ವಾಪಸ್ ಬಂದಾಗ ಕಾರೇ ಸ್ಟಾರ್ಟ್ ಆಗಲ್ಲ. ಕಾರ್ ಆಫ್ ಆದಾಗ ತಾನೇ ಕಡಿದುಕೊಳ್ಳುವ ರಿಲೇ ಹಾಕಿಸಿ. ಊಟಕ್ಕೆ ನಿಂತಾಗ ಗ್ಯಾಸ್ ಹಚ್ಚಿ. ದಿನಪೂರ್ತಿ ಗ್ಯಾಸ್‌ನಲ್ಲಿ ಓಡಿದರೂ 300–400 ಗ್ರಾಂ ಅಷ್ಟೇ ಖರ್ಚು, 9 ಕೆಜಿ ಸಿಲಿಂಡರ್ ಮೂರು ವಾರ ಬರುತ್ತದೆ. ಹೊರಡುವ ಮುಂಚೆ ಗ್ಯಾಸ್ ಬಂದ್ ಮಾಡಿ, ಸಿಲಿಂಡರ್ ವಾಲ್ವ್ ಕೂಡ. ಉರಿ ಇಟ್ಟುಕೊಂಡು ಪೆಟ್ರೋಲ್ ಬಂಕಿಗೆ ನುಗ್ಗುವವರನ್ನು ಕಣ್ಣಾರೆ ನೋಡಿದ್ದೇನೆ. ಎದೆ ಝಲ್ ಅನ್ನುತ್ತದೆ.

ಕೆಂಪು ಧೂಳು (ಪರ್ತ್)

ಮೇಲಿನವರ ವೈರಿನ ಮಾತು ಒಪ್ಪುತ್ತೇನೆ. ಆದರೆ ಕಂಪ್ರೆಸರ್ ಬೇಡವೇ ಬೇಡ ಅನ್ನುವುದನ್ನು ಒಪ್ಪಲ್ಲ. ಈ ಸಲ ಪಾರ್ಕ್‌ನಲ್ಲಿ ತಂಗುತ್ತೀರಿ, ಸರಿ. ಒಂದು ಸಲ ಆ ಕಡೆಯ ಆಕಾಶ ನೋಡಿದ ಮೇಲೆ ಮುಂದಿನ ಸಲ ನೀವೇ ಬಯಲಿನಲ್ಲಿ ನಿಲ್ಲಿಸುತ್ತೀರಿ. ಆಗ ಇದು ಕೈಕೊಡುತ್ತದೆ. ಹೊರಗೆ 38 ದಾಟಿದರೆ ತ್ರೀ-ವೇ ಫ್ರಿಜ್‌ಗಳು ಏದುಸಿರು ಬಿಡುತ್ತವೆ. ಬಾಗಿಲ ಒಳಗಿನ ಸ್ಟಿಕ್ಕರ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಬರೆದಿರುತ್ತದೆ ನೋಡಿ. ‘ಟಿ’ ಅಂತಿದ್ದರೆ 43 ಡಿಗ್ರಿವರೆಗೆ ಅಂತ ಲೆಕ್ಕ, ‘ಎಸ್‌ಟಿ’ 38, ‘ಎನ್’ 32ರವರೆಗೆ ಅಷ್ಟೇ.

ಕಂಪ್ರೆಸರ್ ಫ್ರಿಜ್ 50 ಲೀಟರಿನದು ದಿನಕ್ಕೆ 30–40 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್) ತಿನ್ನುತ್ತದೆ. 100 ಆಂಪ್ ಅವರ್ ಲಿಥಿಯಂ ಬ್ಯಾಟರಿ ಇದ್ದರೆ ಬಿಸಿಲಿಲ್ಲದೆ ಎರಡು ದಿನ. ಲೆಡ್ ಆಸಿಡ್ ಆದರೆ ಅರ್ಧ ಮಾತ್ರ ಬಳಸಬಹುದು, ಪೂರ್ತಿ ಇಳಿಸಿದರೆ ಬೇಗ ಸಾಯುತ್ತದೆ. 200 ವ್ಯಾಟ್ ಪ್ಯಾನೆಲ್ ಒಳ್ಳೇ ಬಿಸಿಲಲ್ಲಿ ದಿನಕ್ಕೆ ಹತ್ತಿರ ಹತ್ತಿರ 60 ಆಂಪ್ ಅವರ್ ಕೊಡುತ್ತದೆ. ಅಂದರೆ ಬಿಸಿಲಿರುವ ತನಕ ಚಿಂತೆಯೇ ಇಲ್ಲ. ಕ್ಯಾರವಾನ್ ಫ್ರಿಜ್ ಹಾಗೇ ಇರಲಿ. ಕಾರಿನ ಡಿಕ್ಕಿಗೆ 35–40 ಲೀಟರಿನ ಸಣ್ಣ ಕಂಪ್ರೆಸರ್ ಫ್ರಿಜ್ ಒಂದು ತೆಗೆದುಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಹಾಲು, ಮೊಸರು, ಇನ್ಸುಲಿನ್ ಅದಕ್ಕೆ. ತರಕಾರಿ, ನೀರು ಕ್ಯಾರವಾನ್ ಫ್ರಿಜ್‌ಗೆ. ಅಂಗಡಿಯವರ ರೇಟಿನಲ್ಲಿ ಕಾಲು ಭಾಗಕ್ಕೆ ಮುಗಿಯುತ್ತದೆ.

ಹಾಗೇ ಒಂದು ಸಂಗತಿ. ನಮ್ಮ ಕಡೆ ಕೂಲ್‌ಗಾರ್ಡಿ ಅಂತ ಚಿನ್ನದ ಗಣಿ ಊರಿದೆ. 1890ರ ದಶಕದಲ್ಲಿ ಅಲ್ಲಿ ಐಸೂ ಇಲ್ಲ, ಏನೂ ಇಲ್ಲ. ಜನ ಕಬ್ಬಿಣದ ಚೌಕಟ್ಟಿಗೆ ಗೋಣಿತಟ್ಟು ಹೊದಿಸಿ, ಮೇಲೊಂದು ತಟ್ಟೆಯಲ್ಲಿ ನೀರಿಟ್ಟು, ಬಟ್ಟೆಯ ಪಟ್ಟಿಗಳಿಂದ ಆ ನೀರು ಗೋಣಿಗೆ ಇಳಿಯುವಂತೆ ಮಾಡಿ ಬೆಣ್ಣೆ, ಮಾಂಸ ಕಾಪಾಡಿಕೊಳ್ಳುತ್ತಿದ್ದರು. ಕೂಲ್‌ಗಾರ್ಡಿ ಸೇಫ್ ಅಂತಲೇ ಹೆಸರು. ಒಣ ಗಾಳಿ ಇರುವ ಕಡೆ ಈಗಲೂ ಅದೇ ಉಪಾಯ ನಡೆಯುತ್ತದೆ. ಸೊಪ್ಪು, ಕೊತ್ತಂಬರಿ, ಬೀನ್ಸ್‌ಗೆಲ್ಲ ಫ್ರಿಜ್ ಜಾಗ ಯಾಕೆ? ಬುಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ನೆರಳಲ್ಲಿಡಿ. ಹಾಲು ಮಾತ್ರ ಅದರಲ್ಲಿ ನಂಬಬೇಡಿ.

ಒಗ್ಗರಣೆ ಡಬ್ಬಿ (ಬ್ರಿಸ್ಬೇನ್)

ಗಂಡಸರೆಲ್ಲ ವೈರ್, ಬ್ಯಾಟರಿ ಅಂತ ಮಾತಾಡುತ್ತಿದ್ದೀರಿ. ಫ್ರಿಜ್ ಒಳಗೆ ಏನು ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ, ಅಲ್ವಾ? 90 ಲೀಟರ್ ಐದು ಜನಕ್ಕೆ ಏನೇನೂ ಅಲ್ಲ. ನಾಲ್ಕು ಲೀಟರ್ ಹಾಲು, ಎರಡು ಕೆಜಿ ಮೊಸರಿನ ಡಬ್ಬ, ಒಂದು ಪಾತ್ರೆ ದೋಸೆ ಹಿಟ್ಟು ಇಟ್ಟರೆ ಮುಗಿಯಿತು.

ಮೊದಲು ಮೊಸರು. ಮೊಸರು ಹೊತ್ತುಕೊಂಡು ಹೋಗಲೇಬೇಡಿ, ದಿನಾ ಹೆಪ್ಪು ಹಾಕಿ. ಲಾಂಗ್ ಲೈಫ್ ಹಾಲಿನ ಒಂದು ಲೀಟರ್ ಪ್ಯಾಕೆಟ್‌ಗಳು, ಊರಿನ ನಂದಿನಿ ಗುಡ್‌ಲೈಫ್ ತರದವು, ಇಲ್ಲಿ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತವೆ. ಒಡೆಯುವ ತನಕ ಫ್ರಿಜ್ ಬೇಕಿಲ್ಲ, ಸೀಟ್ ಕೆಳಗೆ ತುರುಕಿ. ಆ ಹಾಲನ್ನು ಮತ್ತೆ ಕುದಿಸಬೇಕಿಲ್ಲ. ಬೆರಳು ಅದ್ದಿದರೆ ಹಿತವಾಗಿ ಬಿಸಿ ಅನ್ನಿಸುವಷ್ಟು ಕಾಯಿಸಿ, ಒಂದು ಚಮಚ ಹೆಪ್ಪು ಕಲಸಿ. ಆದರೆ ಮರುಭೂಮಿಯ ರಾತ್ರಿ ಚಳಿ, ಪಾತ್ರೆಯಲ್ಲಿ ಹಾಗೇ ಬಿಟ್ಟರೆ ಬೆಳಿಗ್ಗೆಯೂ ಹಾಲೇ ಇರುತ್ತದೆ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್‌ಗೆ ಮೊದಲು ಬಿಸಿ ನೀರು ಹಾಕಿ ಚೆಲ್ಲಿ, ಆಮೇಲೆ ಹೆಪ್ಪು ಹಾಕಿದ ಹಾಲು ಸುರಿದು ಮುಚ್ಚಿಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಚಮಚ ನಿಲ್ಲುವ ಹಾಗೆ ಗಟ್ಟಿಯಾಗಿರುತ್ತದೆ. ಅದರಲ್ಲಿ ಎರಡು ಚಮಚ ತೆಗೆದು ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ಗೆ ಇಡಿ, ಅದು ನಾಳೆಯ ಹೆಪ್ಪು. ಮಿಕ್ಕಿದ್ದು ಅವತ್ತೇ ಖಾಲಿ. ಹೀಗಾದರೆ ಮೊಸರಿಗೆ ಬೇಕಾದ ಫ್ರಿಜ್ ಜಾಗ ಒಂದು ಮುಷ್ಟಿ.

ದೋಸೆ ಹಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ ಅಂತ ಅತ್ತೆಗೆ ನಯವಾಗಿ ಹೇಳಿ. 14 ಡಿಗ್ರಿಯ ಫ್ರಿಜ್‌ನಲ್ಲಿ ಅದು ಉಬ್ಬುತ್ತಲೇ ಇರುತ್ತದೆ, ಗುಂಡಿ ರಸ್ತೆಯಲ್ಲಿ ಡಬ್ಬದ ಮುಚ್ಚಳ ಹಾರಿದರೆ ಫ್ರಿಜ್ ತೊಳೆಯುವವರು ಯಾರು? ರವೆ ಇಡ್ಲಿ ಮಿಶ್ರಣ ಹುರಿದು ಇಟ್ಟುಕೊಳ್ಳಿ. ಅವಲಕ್ಕಿ, ಶ್ಯಾವಿಗೆ, ರಾಗಿ ಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹಪ್ಪಳ, ಬೆಣ್ಣೆ ಬದಲು ತುಪ್ಪ. ಇವು ಯಾವುದಕ್ಕೂ ಫ್ರಿಜ್ ಬೇಡ. ಹಿಂದಿನವರು ಹೀಗೇ ಧರ್ಮಸ್ಥಳ, ಕಾಶಿ ಎಲ್ಲ ಸುತ್ತಿ ಬಂದಿದ್ದು. ಹಸಿ ತೆಂಗಿನಕಾಯಿ ಚಟ್ನಿ ಮಾತ್ರ ರುಬ್ಬಿದ ಹೊತ್ತಿಗೇ ಮುಗಿಸಿ, ಉಳಿಸಬೇಡಿ.

ಹುಳಿ, ಸಾರು, ಬೇಯಿಸಿದ ಬೇಳೆ ಎಲ್ಲ ಹೊರಡುವ ಮೂರು ದಿನ ಮುಂಚೆ ಮಾಡಿ. ಜಿಪ್ ಚೀಲಗಳಲ್ಲಿ ಒಂದೊಂದು ಊಟದ ಅಳತೆಗೆ ತುಂಬಿ, ಚಪ್ಪಟೆಯಾಗಿ ಮಲಗಿಸಿ, ಮನೆ ಫ್ರೀಜರ್‌ನಲ್ಲಿ ಕಲ್ಲು ಮಾಡಿ. ಇದರಿಂದ ಎರಡು ಲಾಭ: ಇವೇ ನಿಮ್ಮ ಐಸ್, ಕರಗಿದಾಗ ಅವೇ ನಿಮ್ಮ ಊಟ. ಆಲೂಗಡ್ಡೆ ಹಾಕಬೇಡಿ, ಕರಗಿದ ಮೇಲೆ ಮರಳು ಮರಳಾಗುತ್ತದೆ. ಬಿಸಿ ಪಾತ್ರೆ, ಅಂಗಡಿಯಿಂದ ತಂದ ತಣ್ಣಗಿಲ್ಲದ ನೀರಿನ ಬಾಟಲಿ ಯಾವುದನ್ನೂ ಕ್ಯಾರವಾನ್ ಫ್ರಿಜ್ ಒಳಗೆ ನೇರ ಇಡಬೇಡಿ. ಅದು ತಂಪನ್ನು ಕಾಪಾಡುವ ಪೆಟ್ಟಿಗೆ. ಮನೆ ಫ್ರಿಜ್ ತರ ಬಿಸಿಯನ್ನು ಬೇಗ ಇಳಿಸುವ ತಾಕತ್ತು ಅದಕ್ಕಿಲ್ಲ. ಹೊರಡುವ ಹಿಂದಿನ ದಿನವೇ 240ಕ್ಕೆ ಹಾಕಿ, ಪೂರ್ತಿ ತಣ್ಣಗಾದ ಮೇಲೆ, ಆಗಲೇ ತಣ್ಣಗಿರುವ ಸಾಮಾನನ್ನು ತುಂಬಿ.

ಅನ್ನದ ವಿಷಯ ಖಡಾಖಂಡಿತ ಹೇಳುತ್ತೇನೆ. ಬೆಳಿಗ್ಗೆ ಮಾಡಿದ ಚಿತ್ರಾನ್ನ ಬಿಸಿ ಕಾರಿನಲ್ಲಿಟ್ಟು ಸಂಜೆ ತಿನ್ನುವುದು ಬೇಡ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇಲ್ಲಿನ ನಿಯಮ ನೆನಪಿಟ್ಟುಕೊಳ್ಳಲು ಸುಲಭ: 5ರಿಂದ 60 ಡಿಗ್ರಿ ನಡುವೆ ಒಟ್ಟು ಎರಡು ಗಂಟೆಗಿಂತ ಕಡಿಮೆ ಇದ್ದರೆ ವಾಪಸ್ ಫ್ರಿಜ್‌ಗೆ ಇಡಬಹುದು, ಎರಡರಿಂದ ನಾಲ್ಕು ಗಂಟೆ ಆಗಿದ್ದರೆ ಆಗಲೇ ತಿಂದುಬಿಡಿ, ನಾಲ್ಕು ದಾಟಿದರೆ ಕಸದ ಬುಟ್ಟಿ. ‘ಅಯ್ಯೋ ಅನ್ನ ಚೆಲ್ಲಬಾರದು’ ಅಂತ ಅತ್ತೆ ಅನ್ನುತ್ತಾರೆ, ಗೊತ್ತು. ಅದಕ್ಕೇ ಅಳತೆ ನೋಡಿ ಕಡಿಮೆ ಮಾಡಿ.

ಮಲ್ಪೆ ಬದಿಯವ (ಉಡುಪಿ)

ನಾನು ಆಸ್ಟ್ರೇಲಿಯಾ ನೋಡಿಲ್ಲ. ನಮ್ಮದು ಟೆಂಪೋ ಟ್ರಾವೆಲರ್‌ನಲ್ಲಿ ಮಂಚ, ಒಲೆ ಕೂರಿಸಿಕೊಂಡು ಊರೂರು ತಿರುಗುವ ಕುಟುಂಬ. ಐಸ್ ಬಾಕ್ಸ್ ಸಾಕಾ ಅಂತ ಕೇಳಿದ್ದೀರಿ, ಅದಕ್ಕೆ ನಾಲ್ಕು ಮಾತು. ಮೀನಿನ ಬಂದರಿನ ಪಕ್ಕ ಹುಟ್ಟಿದವರಿಗೆ ಐಸ್ ವಿಷಯ ಯಾರೂ ಕಲಿಸಬೇಕಿಲ್ಲ.

ಪುಡಿ ಐಸ್ ಬೇಗ ತಂಪು ಮಾಡುತ್ತದೆ, ಬೇಗ ಕರಗುತ್ತದೆ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ. ಪ್ರಯಾಣಕ್ಕೆ ಗಡ್ಡೆಯೇ ಬೇಕು. ಮನೆಯಲ್ಲಿ ಎರಡು ಲೀಟರ್ ಬಾಟಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜ್ ಮಾಡಿ, ಪೂರ್ತಿ ತುಂಬಿದರೆ ಬಾಟಲಿ ಸೀಳುತ್ತದೆ. ಕರಗಿದ ನೀರು ಕುಡಿಯಲಿಕ್ಕೆ ಆಯಿತು. ಇಲ್ಲಿ ಬಂದರಿನ ಐಸ್ ಪ್ಲಾಂಟ್‌ನಿಂದ ಗಡ್ಡೆ ತರುವವರು ಒಂದು ನೆನಪಿಡಿ, ಅದು ಮೀನಿಗೆ ಮಾಡಿದ ಐಸ್, ಜ್ಯೂಸ್‌ಗೆ ಹಾಕುವುದಲ್ಲ. ತಿನ್ನುವ ಸಾಮಾನು ಗಟ್ಟಿ ಮುಚ್ಚಳದ ಡಬ್ಬದಲ್ಲೇ ಇರಬೇಕು.

ಎಷ್ಟು ಐಸ್ ಬೇಕು ಅಂತ ಲೆಕ್ಕ ಹಾಕಬಹುದು. 30 ಡಿಗ್ರಿಯ 5 ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲಿಕ್ಕೇ ಸುಮಾರು ಒಂದೂವರೆ ಕೆಜಿ ಐಸ್ ಕರಗಿಹೋಗುತ್ತದೆ. ಅಷ್ಟು ಐಸ್ ಸುಮ್ನೆ ದಂಡ. ಅಕ್ಕ ಹೇಳಿದ್ದು ಅದಕ್ಕೇ ಸರಿ, ಒಳಗೆ ಹೋಗುವುದೆಲ್ಲ ಮೊದಲೇ ತಣ್ಣಗಿರಬೇಕು. ಪೆಟ್ಟಿಗೆಯೊಳಗೆ ಖಾಲಿ ಜಾಗ ಬಿಡಬೇಡಿ, ಟವೆಲ್ ಆದರೂ ತುರುಕಿ. ಕರಗಿದ ತಣ್ಣೀರನ್ನು ಆಗಾಗ ಚೆಲ್ಲಬೇಡಿ, ಅದೂ ತಂಪೇ. ಹೊಸ ಐಸ್ ಹಾಕುವಾಗ ಚೆಲ್ಲಿದರೆ ಸಾಕು. ಕುಡಿಯುವ ನೀರಿಗೆ ಬೇರೆ ಪೆಟ್ಟಿಗೆ ಮಾಡಿ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ತೆಗೆಯುವುದು ಅದನ್ನೇ, ಹಾಲಿನ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ.

ಕೆಲವರು ಡ್ರೈ ಐಸ್ ತರುತ್ತಾರೆ. ಮೈನಸ್ 78 ಡಿಗ್ರಿ, ತಂಪು ಹೌದು. ಆದರೆ ಅದು ಕರಗಿ ನೀರಾಗುವುದಿಲ್ಲ, ಕಾರ್ಬನ್ ಡೈ ಆಕ್ಸೈಡ್ ಗಾಳಿಯಾಗುತ್ತದೆ. ಕಿಟಕಿ ಮುಚ್ಚಿ ಮಲಗುವ ಕ್ಯಾರವಾನ್ ಒಳಗೆ ಅದು ಬೇಡವೇ ಬೇಡ. ಜೀವಕ್ಕೇ ಅಪಾಯ.

ಒದ್ದೆ ಗೋಣಿ ಉಪಾಯ ನಮ್ಮ ಕರಾವಳಿಯ ಸೆಕೆಯಲ್ಲಿ ನಡೆಯುವುದಿಲ್ಲ ಮಾರಾಯ್ರೇ. ಗಾಳಿಯಲ್ಲೇ ನೀರು ತುಂಬಿರುವಾಗ ಗೋಣಿಯ ನೀರು ಎಲ್ಲಿಗೆ ಹೋಗಬೇಕು? ಹಂಪಿ, ಬಾದಾಮಿ ಕಡೆ ಹೋದರೆ ನೋಡಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯ ನೀರು ಏಪ್ರಿಲ್ ಬಿಸಿಲಲ್ಲೂ ಹಲ್ಲು ಜುಮ್ ಅನ್ನಿಸುತ್ತದೆ.

ಮಾತ್ರೆ ಅಂಗಡಿ (ಬೆಂಗಳೂರು)

ಇನ್ಸುಲಿನ್ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ದಿನಾ ಹೇಳುವ ಮಾತೇ ಇದು.

ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ನಡುವೆ ಇರಬೇಕು. ಬಿಸಿಗಿಂತ ಜಾಸ್ತಿ ಹೆದರಬೇಕಾದ್ದು ಹೆಪ್ಪುಗಟ್ಟುವುದಕ್ಕೆ. ಒಂದು ಸಲ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವ ಹಾಗಿಲ್ಲ, ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಕ್ಯಾರವಾನ್ ಫ್ರಿಜ್‌ಗಳಲ್ಲಿ ಹಿಂದಿನ ತಂಪು ರೆಕ್ಕೆಗಳ ಹತ್ತಿರ, ರಾತ್ರಿ 240ರಲ್ಲಿ ಓಡುವಾಗ, ಸೊನ್ನೆಗಿಂತ ಕೆಳಗೆ ಹೋಗಬಹುದು. ಅಲ್ಲಿಡಬೇಡಿ, ಐಸ್ ಗಡ್ಡೆಗೆ ತಾಗಿಸಿಯೂ ಇಡಬೇಡಿ. ಟವೆಲ್ ಸುತ್ತಿದ ಡಬ್ಬದಲ್ಲಿ ಬಾಗಿಲ ಕಡೆ ಇಡಿ, ಪಕ್ಕದಲ್ಲಿ ಗರಿಷ್ಠ ಕನಿಷ್ಠ ಎರಡೂ ತೋರಿಸುವ ಸಣ್ಣ ಥರ್ಮಾಮೀಟರ್ ಇಡಿ. ಬೆಳಿಗ್ಗೆ ಎದ್ದು ರಾತ್ರಿ ಎಷ್ಟಕ್ಕೆ ಇಳಿದಿತ್ತು ಅಂತ ನೋಡಬಹುದು.

ಈಗ ಬಳಸುತ್ತಿರುವ ಪೆನ್‌ಗೆ ಫ್ರಿಜ್ ಬೇಕಿಲ್ಲ. ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇಡಬಹುದು, 30 ಡಿಗ್ರಿ ಮೀರಬಾರದು, ಕೆಲವಕ್ಕೆ 25. ಮಾವನ ಪೆಟ್ಟಿಗೆಯ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಅದನ್ನೇ ಪಾಲಿಸಿ, ಡಾಕ್ಟರನ್ನೂ ಒಂದು ಮಾತು ಕೇಳಿ. ನೀರಲ್ಲಿ ನೆನೆಸಿದರೆ ಒಳಗಿನ ಹರಳುಗಳು ಉಬ್ಬಿ ತಂಪಾಗಿರುವ ಚೀಲಗಳು ಸಿಗುತ್ತವೆ, ಮೇಲೆ ಒಬ್ಬರು ಹೇಳಿದ ಗೋಣಿಯ ತತ್ವವೇ. ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಮಾತ್ರ ಎಂದೂ ಬಿಡಬೇಡಿ, ಊಟಕ್ಕೆ ಇಳಿದಾಗ ಪೆನ್ ಅವರ ಜೊತೆಯೇ ಇಳಿಯಲಿ. ಮಿಕ್ಕ ಸ್ಟಾಕ್ ಎರಡು ಕಡೆ ಹಂಚಿಡಿ.

ಗಾಲಿಮನೆ (ಮೆಲ್ಬರ್ನ್)

ಎಲ್ಲರಿಗೂ ಕೈ ಮುಗಿದೆ. ದಪ್ಪ ಕೇಬಲ್, ಆಂಡರ್ಸನ್ ಪ್ಲಗ್, ರಿಲೇ ಎಲ್ಲ ಹಾಕಿಸಿದೆ, ಈಗ ಫ್ರಿಜ್ ಹತ್ತಿರ 12.9 ಬರುತ್ತಿದೆ. ಡಿಕ್ಕಿ ಫ್ರಿಜ್ ಒಂದು ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ. ಥರ್ಮಾಸ್ ಮೊಸರು ನಿನ್ನೆ ರಾತ್ರಿಯೇ ಪ್ರಯೋಗ ಆಯಿತು, ಅತ್ತೆ ಸರ್ಟಿಫಿಕೇಟ್ ಕೊಟ್ಟರು. ದೋಸೆ ಹಿಟ್ಟಿನ ಮಾತುಕತೆ ಇನ್ನೂ ನಡೆಯುತ್ತಿದೆ.

ಕೊನೆಯ ಪ್ರಶ್ನೆ. ತರಕಾರಿ, ಹಣ್ಣು ಇಲ್ಲಿಂದಲೇ ತುಂಬಿಕೊಂಡು ಹೋಗಲಾ? ಅತ್ತೆ ಹಿತ್ತಲಿನ ಟೊಮೆಟೊ, ಹಸಿಮೆಣಸಿನಕಾಯಿ ಕಿತ್ತು ಆಗಲೇ ಚೀಲಕ್ಕೆ ಹಾಕುತ್ತಿದ್ದಾರೆ.

ಹನ್ನೆರಡು ವೋಲ್ಟ್ (ಅಡಿಲೇಡ್)

ನಿಲ್ಲಿಸಿ ನಿಲ್ಲಿಸಿ! ವಿಕ್ಟೋರಿಯಾದಿಂದ ಸೌತ್ ಆಸ್ಟ್ರೇಲಿಯಾ ಗಡಿ ದಾಟುವಾಗ ಹಸಿ ಹಣ್ಣು ತರುವ ಹಾಗಿಲ್ಲ. ಟೊಮೆಟೊ, ಮೆಣಸಿನಕಾಯಿ, ಬದನೆಕಾಯಿ, ದಪ್ಪ ಮೆಣಸಿನಕಾಯಿ ಕೂಡ ಆ ಲೆಕ್ಕಕ್ಕೇ ಬರುತ್ತವೆ. ಹಣ್ಣಿನ ನೊಣದ ಕಾಟ ತಡೆಯಲು ಮಾಡಿರುವ ನಿಯಮ. ಮಿಲ್ಡೂರಾ ಮೇಲೆ ಬಂದರೆ ಯಾಂಬಾ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿ ಫ್ರಿಜ್ ತೆಗೆಸಿ ನೋಡುತ್ತಾರೆ. ಬೇರೆ ದಾರಿಯಲ್ಲಿ ರಸ್ತೆ ಬದಿ ಹಾಕಲು ತೊಟ್ಟಿ ಇಟ್ಟಿರುತ್ತಾರೆ, ಹಾಕದೆ ಬಂದು ಸಿಕ್ಕಿಬಿದ್ದರೆ ದಂಡ. ಹೊರಡುವ ಮುಂಚೆ ರಾಜ್ಯ ಸರ್ಕಾರದ ಪಟ್ಟಿ ಒಂದು ಸಲ ನೋಡಿಕೊಳ್ಳಿ. ಹಿತ್ತಲ ಟೊಮೆಟೊವನ್ನೆಲ್ಲ ಗೊಜ್ಜು ಕುದಿಸಿಬಿಡಲಿ, ಬೇಯಿಸಿದ್ದಕ್ಕೆ ತಕರಾರಿಲ್ಲ.

ಗಡಿ ದಾಟುವ ತನಕ ಫ್ರಿಜ್ ಅರ್ಧ ಖಾಲಿ ಇರಲಿ. ಅಡಿಲೇಡ್‌ನಲ್ಲಿ ಇಂಡಿಯನ್ ಅಂಗಡಿಗಳಿವೆ, ಕರಿಬೇವು, ಕೊತ್ತಂಬರಿ, ನುಗ್ಗೆಕಾಯಿ ಎಲ್ಲ ಸಿಗುತ್ತವೆ. ಪೋರ್ಟ್ ಅಗಸ್ಟಾದಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ, ಹಾಲು ತುಂಬಿಕೊಳ್ಳಿ. ಅಲ್ಲಿಂದ ಕೂಬರ್ ಪೀಡಿಗೆ 540 ಕಿಲೋಮೀಟರ್, ನಡುವೆ ರೋಡ್‌ಹೌಸ್ ಬಿಟ್ಟರೆ ಏನಿಲ್ಲ. ಕೂಬರ್ ಪೀಡಿಯಲ್ಲಿ, ಆಮೇಲೆ ಉಲುರು ಪಕ್ಕದ ಯೂಲಾರಾದಲ್ಲಿ ಅಂಗಡಿ ಇವೆ. ಆದರೆ ಅಷ್ಟು ದೂರ ಲಾರಿಯಲ್ಲಿ ಬಂದ ಹಸಿಮೆಣಸಿನಕಾಯಿಯ ಬೆಲೆ ನೋಡಿ ಮಾವ ಇನ್ನೊಂದು ಲೋಟ ನೀರು ಕೇಳುತ್ತಾರೆ. ಅದನ್ನು ಪೋರ್ಟ್ ಅಗಸ್ಟಾದಲ್ಲೇ ತೆಗೆದುಕೊಂಡು, ತೊಟ್ಟು ಮುರಿದು, ಒಣ ಬಟ್ಟೆಯಲ್ಲಿ ಸುತ್ತಿಡಿ.